ಹಳೆಯ ಧ್ವನಿಪೆಟ್ಟಿಗೆಗಳು ಕಲಿಸಿದ ಪಾಠ

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯಾದವಳೂ ಒಂದು ಲೇಖನವನ್ನು ಬರೆದುಕೊಡತಕ್ಕದ್ದೆಂಬುದು ಬಹುಕಾಲದಿಂದ ನಡೆದುಬಂದ ಪದ್ಧತಿಯಷ್ಟೆ. ಶಿಸ್ತಿನ ಮಹತ್ವ, ಕಾಲದ ಬೆಲೆ, ಸ್ತ್ರೀವಿದ್ಯಾಭ್ಯಾಸದ ಪ್ರಯೋಜನ ಮುಂತಾದ ವಿಷಯಗಳ ಮೇಲೆ ನನಗಿಂತ ಮೊದಲು ಈ ಕುರ್ಚಿಯಲ್ಲಿ ಕುಳಿತವರು ಚೆನ್ನಾಗಿ ಬರೆದಿರುತ್ತಾರೆ. ಆದುದರಿಂದ ಈ ಸಾರಿ ನನ್ನ ಮನೆಯ ಹಜಾರದಲ್ಲಿ ನಡೆದ ಒಂದು ಚಿಕ್ಕ ಕೆಲಸದ ಸಂಗತಿಯನ್ನು ಬರೆಯುವೆನು. ಅದು ಎರಡು ಹಳೆಯ ಲೌಡ್‌ಸ್ಪೀಕರುಗಳನ್ನು ಸರಿಪಡಿಸಿ ಶ್ರುತಿಗೂಡಿಸಿದ ಕಥೆ. ಶಾಲೆಯ ಸಂಚಿಕೆಗೂ ಇದಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಕೊನೆಯವರೆಗೆ ಓದುವ ತಾಳ್ಮೆಯುಳ್ಳವರಿಗೆ ಆ ಸಂಬಂಧವು ತಾನಾಗಿಯೇ ತಿಳಿದುಬರುವುದು.

ನನ್ನ ತಂದೆಯವರು ಹೈಸ್ಕೂಲಿನಲ್ಲಿ ವಿಜ್ಞಾನದ ಉಪಾಧ್ಯಾಯರಾಗಿದ್ದು, ಗಾಯನ ಮಂಡಳಿಯನ್ನೂ ನಡೆಯಿಸುತ್ತಿದ್ದವರು. ನಾನು ಚಿಕ್ಕವಳಾಗಿದ್ದಾಗ, 1984ರಲ್ಲಿ, ಗಲ್ಫಿನಿಂದ ಊರಿಗೆ ಮರಳಿದ ಗೃಹಸ್ಥರೊಬ್ಬರಿಂದ ಅವರು ಇಂಗ್ಲೆಂಡಿನಲ್ಲಿ ತಯಾರಾದ ಒಂದು ಜೊತೆ ಸ್ಪೀಕರುಗಳನ್ನು ಕೊಂಡರು. ಅದಕ್ಕಾಗಿ ಎರಡು ತಿಂಗಳ ಸಂಬಳವನ್ನು ಕೊಟ್ಟರೆಂದು ನನ್ನ ತಾಯಿಯವರು ಬಹುದಿನ ಆಕ್ಷೇಪಿಸುತ್ತಿದ್ದರು. ಆದರೆ 1988ರಲ್ಲಿ ತಂದೆಯವರು ಗಾಯನ ಮಂಡಳಿಯ ಹಾಡುಗಳನ್ನು ಕ್ಯಾಸೆಟ್ಟಿನಲ್ಲಿ ಮುದ್ರಿಸಿಕೊಂಡು ಅದರ ಮೂಲಕ ಕೇಳಿಸಿದಾಗ ಆ ಆಕ್ಷೇಪಣೆಯು ನಿಂತುಹೋಯಿತು. ಏಕೆಂದರೆ ಹಾಡುವವರಲ್ಲಿ ತಾಯಿಯವರೂ ಒಬ್ಬರಾಗಿದ್ದರು. ಎರಡನೆಯ ಸಾಲಿನ ಕೊನೆಯಲ್ಲಿ ನಿಂತು ಅವರು ಕೆಳಸ್ಥಾಯಿಯಲ್ಲಿ ಹಾಡಿದ್ದು, ಗಮನವಿಟ್ಟು ಕೇಳಿದರೆ ಪ್ರತ್ಯೇಕವಾಗಿ ಗುರುತು ಸಿಕ್ಕುತ್ತಿತ್ತು. ತಾಯಿಯವರು 2009ರಲ್ಲಿ ನಮ್ಮನ್ನಗಲಿದರು. ಅವರ ಸ್ವರವು ನಮಗೆ ಉಳಿದಿರುವುದು ಆ ಒಂದು ಕ್ಯಾಸೆಟ್ಟಿನಲ್ಲಿ ಮಾತ್ರವೇ.

ಕೆಲವು ವರ್ಷಗಳಿಂದ ತಂದೆಯವರು ಅದನ್ನು ಕೇಳುವುದನ್ನು ಬಿಟ್ಟುಬಿಟ್ಟಿದ್ದರು. ಕಾರಣವೇನೆಂದರೆ, "ಸ್ಪೀಕರು ಸತ್ತುಹೋಗಿದೆ ಮಗಾ, ಎಲ್ಲವೂ ಕಂಬಳಿಯೊಳಗಿನಿಂದ ಹಾಡಿದ ಹಾಗೆ ಕೇಳಿಸುತ್ತದೆ" ಎನ್ನುತ್ತಿದ್ದರು. ಹೊಸದನ್ನು ತರುವೆನೆಂದರೆ ಒಪ್ಪುತ್ತಿರಲಿಲ್ಲ. ಕಳೆದ ವರ್ಷದ ದಸರಾ ರಜೆಯಲ್ಲಿ, ಉತ್ತರಪತ್ರಿಕೆಗಳ ಕಟ್ಟನ್ನು ಬದಿಗಿಟ್ಟು, ನಾನೇ ಆ ಪೆಟ್ಟಿಗೆಗಳನ್ನು ಬಿಚ್ಚಿ ನೋಡಲು ನಿಶ್ಚಯಿಸಿದೆನು.

ಲೌಡ್‌ಸ್ಪೀಕರಿನ ರಚನೆಯು ಬಹು ಸರಳವಾದುದು. ಅಮೆರಿಕದ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲ್ಲಾಗ್ ಎಂಬವರು 1925ರಲ್ಲಿ ಪ್ರಕಟಿಸಿದ ವಿಧಾನವೇ ಇಂದಿಗೂ ಹೆಚ್ಚಿನ ಸ್ಪೀಕರುಗಳಲ್ಲಿ ನಡೆದುಬರುತ್ತಿದೆ. ಅಯಸ್ಕಾಂತದ ಸಂದಿನಲ್ಲಿ ಒಂದು ತಂತಿಯ ಸುರುಳಿ. ಆ ಸುರುಳಿಗೆ ಅಂಟಿಕೊಂಡ ಒಂದು ಕಾಗದದ ಆಲಿಕೆ. ವಿದ್ಯುತ್ತು ಹರಿದಂತೆ ಸುರುಳಿಯು ಹಿಂದಕ್ಕೂ ಮುಂದಕ್ಕೂ ಅಲುಗುವುದು, ಅದರೊಡನೆ ಕಾಗದವೂ ಅಲುಗಿ ಗಾಳಿಯನ್ನು ತಳ್ಳುವುದು. ಇದರಲ್ಲಿ ಮಂತ್ರವೇನೂ ಇಲ್ಲ, ಮನೆಯಲ್ಲಿ ಮಾಡಬಹುದಾದ ಕೆಲಸವೇ. ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ ಗಿಲ್ಬರ್ಟ್ ಬ್ರಿಗ್ಸ್ ಎಂಬ ಬಟ್ಟೆ ವ್ಯಾಪಾರದವನು 1932ರಲ್ಲಿ ತನ್ನ ಮನೆಯ ನೆಲಮಾಳಿಗೆಯಲ್ಲಿಯೇ ಸ್ಪೀಕರುಗಳನ್ನು ತಯಾರಿಸತೊಡಗಿ, ವಾರ್ಫ್‌ಡೇಲ್ ಎಂಬ ಹೆಸರಾದ ಕಾರಖಾನೆಯನ್ನು ಸ್ಥಾಪಿಸಿದನು. ಅದೇ ಬ್ರಿಗ್ಸನು 1954ರಲ್ಲಿ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲಿನಲ್ಲಿ ಸಾವಿರಾರು ಜನರನ್ನು ಕೂಡಿಸಿ, ಪ್ರತ್ಯಕ್ಷ ಸಂಗೀತವನ್ನೂ ಮುದ್ರಿತ ಸಂಗೀತವನ್ನೂ ಒಂದರ ಪಕ್ಕಕ್ಕೊಂದು ಕೇಳಿಸಿ, ತಾರತಮ್ಯವನ್ನು ಅವರ ಕಿವಿಗೇ ಬಿಟ್ಟುಕೊಟ್ಟನು.

ನಮ್ಮ ಪೆಟ್ಟಿಗೆಗಳ ಮುಂದಿನ ಬಟ್ಟೆಯನ್ನು ತೆಗೆದಾಗ ಮೊದಲನೆಯ ದೋಷವು ಕಣ್ಣಿಗೇ ಬಿದ್ದಿತು. ದೊಡ್ಡ ಆಲಿಕೆಯ ಸುತ್ತಲೂ ಇರಬೇಕಾದ ಫೋಮಿನ ಅಂಚು ಮುಟ್ಟಿದರೆ ಪುಡಿಯಾಗುತ್ತಿತ್ತು. ಈ ಜಾತಿಯ ಫೋಮು ಹದಿನೈದಿಪ್ಪತ್ತು ವರ್ಷಗಳಲ್ಲಿ ತಾನಾಗಿಯೇ ಜೀರ್ಣವಾಗತಕ್ಕದ್ದು. ಕರಾವಳಿಯ ತೇವವು ಅದನ್ನು ಇನ್ನೂ ಬೇಗ ತಿನ್ನುತ್ತದೆ. ಹೊಸ ಅಂಚುಗಳನ್ನು ತರಿಸಿ, ಹಳೆಯ ಅಂಟನ್ನು ಒರೆಸಿ ತೆಗೆದು, ಸುರುಳಿಯು ಅಯಸ್ಕಾಂತಕ್ಕೆ ಉಜ್ಜದಂತೆ ನಟ್ಟನಡುವೆ ನಿಲ್ಲಿಸಿ ಅಂಟಿಸಿ, ಒಂದು ಹಗಲು ಒಂದು ರಾತ್ರಿ ಒಣಗಲು ಬಿಟ್ಟೆನು. ಎರಡನೆಯ ದೋಷವನ್ನು ನಮ್ಮೂರ ರೇಡಿಯೋ ದುರಸ್ತಿಯ ವೃದ್ಧರು ಕಂಡುಹಿಡಿದರು. ಮಂದ್ರಸ್ವರಗಳನ್ನು ದೊಡ್ಡ ಆಲಿಕೆಗೂ ತಾರಸ್ವರಗಳನ್ನು ಚಿಕ್ಕದಕ್ಕೂ ಹಂಚಿಕೊಡುವ ಕೆಪ್ಯಾಸಿಟರುಗಳು ನಾಲ್ವತ್ತು ವರ್ಷಗಳಲ್ಲಿ ಒಣಗಿಹೋಗಿದ್ದವು. ಇದರಿಂದ ಎಡಗಡೆಯ ಚಿಕ್ಕ ಸ್ಪೀಕರು ಬಲಗಡೆಯದಕ್ಕಿಂತ ಬಹಳ ಕ್ಷೀಣವಾಗಿ ಧ್ವನಿಗೈಯುತ್ತಿತ್ತು. ಅವರು ಎರಡು ಕಡೆಯವನ್ನೂ ಒಟ್ಟಿಗೆ ಬದಲಾಯಿಸಿದರು. "ಒಂದನ್ನೇ ಬದಲಾಯಿಸಿದರೆ ಜೊತೆ ತಪ್ಪುತ್ತದೆ ಟೀಚರೇ" ಎಂದರು.

ಮೂರನೆಯ ದೋಷವಂತೂ ನನ್ನದೇ. ತಂತಿಗಳನ್ನು ಮರಳಿ ಜೋಡಿಸುವಾಗ ಒಂದು ಪೆಟ್ಟಿಗೆಯ ಕೂಡು ಕಳೆ ಗುರುತುಗಳನ್ನು ಅದಲುಬದಲು ಮಾಡಿದ್ದೆನು. ಹಾಗಾದಾಗ ಒಂದು ಆಲಿಕೆಯು ಗಾಳಿಯನ್ನು ತಳ್ಳುವ ಹೊತ್ತಿಗೆ ಇನ್ನೊಂದು ಎಳೆದುಕೊಳ್ಳುತ್ತದೆ. ಮಂದ್ರಸ್ವರವೆಲ್ಲಾ ಪರಸ್ಪರ ವ್ಯಯವಾಗಿ, ಹಾಡು ತೆಳ್ಳಗಾಗಿ ಎಲ್ಲಿಂದಲೋ ಬಂದಂತೆ ಕೇಳಿಸುತ್ತದೆ. ಒಂದೂವರೆ ವೋಲ್ಟಿನ ಟಾರ್ಚಿನ ಬ್ಯಾಟರಿಯನ್ನು ಕ್ಷಣಮಾತ್ರ ತಗಲಿಸಿದರೆ ಆಲಿಕೆಯು ಹೊರಕ್ಕೆ ಬರುವುದೋ ಒಳಕ್ಕೆ ಹೋಗುವುದೋ ನೋಡಿ ಇದನ್ನು ನಿರ್ಧರಿಸಬಹುದು. ಹಳೆಯ ಸ್ಪೀಕರುಗಳುಳ್ಳ ಪ್ರತಿಯೊಂದು ಮನೆಯಲ್ಲಿಯೂ ಮೊದಲು ಮಾಡಿನೋಡತಕ್ಕ ಪರೀಕ್ಷೆಯಿದು. ಖರ್ಚು ಏನೂ ಇಲ್ಲ.

ಆ ಬಳಿಕ ಶ್ರುತಿಗೂಡಿಸುವ ಕೆಲಸ. ಅಳತೆಗೆಂದೇ ಮಾಡಿದ ಒಂದು ಮೈಕನ್ನು ಕೊಂಡು, ನಾನು ಕುಳಿತು ಕೇಳುವ ಸ್ಥಳದಲ್ಲಿ ಕಿವಿಯ ಎತ್ತರಕ್ಕೆ ನಿಲ್ಲಿಸಿದೆನು. ರೂಮ್ ಇಕ್ಯೂ ವಿಝರ್ಡ್ ಎಂಬ ಧರ್ಮಾರ್ಥವಾಗಿ ದೊರೆಯುವ ಕಂಪ್ಯೂಟರ್ ಸಾಧನವು 20 ಹರ್ಟ್ಸಿನಿಂದ 20,000 ಹರ್ಟ್ಸಿನವರೆಗೆ ಒಂದೇ ಸಮನೆ ಏರುವ ಸ್ವರವನ್ನು ನುಡಿಸಿ, ಯಾವ ಸ್ವರವು ಎಷ್ಟು ಗಟ್ಟಿಯಾಗಿ ಕಿವಿಗೆ ತಲಪುತ್ತದೆಂಬುದನ್ನು ರೇಖಾಚಿತ್ರವಾಗಿ ಬರೆದು ತೋರಿಸುತ್ತದೆ. ಸಮತಟ್ಟಾದ ಗೆರೆಯನ್ನು ನಿರೀಕ್ಷಿಸಿದ್ದ ನನಗೆ ನಮ್ಮ ಪಶ್ಚಿಮ ಘಟ್ಟಗಳ ಸಾಲೇ ಕಾಣಿಸಿತು. 72 ಹರ್ಟ್ಸಿನ ಬಳಿ 9 ಡೆಸಿಬೆಲ್ ಎತ್ತರದ ಒಂದು ಶಿಖರ. 110ರ ಬಳಿ ಆಳವಾದ ಒಂದು ಕಣಿವೆ.

ಶಿಖರದ ಕಾರಣವು ಸ್ಪೀಕರಿನಲ್ಲಿರಲಿಲ್ಲ, ನಮ್ಮ ಹಜಾರದಲ್ಲಿತ್ತು. ಹಜಾರದ ಉದ್ದ 4.8 ಮೀಟರು. ಶಬ್ದವು ಸೆಕೆಂಡಿಗೆ ಸುಮಾರು 345 ಮೀಟರು ಹೋಗುತ್ತದೆ. ಆ ವೇಗವನ್ನು ಉದ್ದದ ಇಮ್ಮಡಿಯಿಂದ ಭಾಗಿಸಿದರೆ 36 ಬರುವುದು. ಅದರ ಇಮ್ಮಡಿ 72. ಎದುರುಬದುರಾದ ಗೋಡೆಗಳ ನಡುವೆ ಈ ಸ್ವರಗಳು ಉಯ್ಯಾಲೆಯಂತೆ ತೂಗಿ ಬೆಳೆಯುತ್ತವೆ, ಗೋಡೆಯ ಬದಿಯಲ್ಲಿಯೇ ಅವುಗಳ ಜೋರು ಹೆಚ್ಚು. ನಮ್ಮ ಕುರ್ಚಿಯು ಹಿಂಗೋಡೆಗೆ ತಾಗಿಕೊಂಡಿತ್ತು, ಪೆಟ್ಟಿಗೆಗಳು ಮುಂಗೋಡೆಯ ಮೂಲೆಗಳಲ್ಲಿದ್ದವು. ಆರ್ಗನ್ನಿನ ಒಂದು ಮಂದ್ರಸ್ವರ ಮಾತ್ರ ಗುಡುಗಿದಂತೆ ಆಗುತ್ತಿದ್ದುದು ಇದರಿಂದಲೇ. "ಮೊದಲು ಕುರ್ಚಿಯನ್ನು ಸರಿಸಿ ಟೀಚರೇ, ಆಮೇಲೆ ಗುಂಡಿಯನ್ನು ತಿರುಗಿಸಿ" ಎಂದು ದುರಸ್ತಿಯವರು ಹೇಳಿದ್ದರು. ಕುರ್ಚಿಯನ್ನು ಎರಡೂವರೆ ಅಡಿ ಮುಂದಕ್ಕೆ ತಂದೆನು. ಪೆಟ್ಟಿಗೆಗಳನ್ನು ಗೋಡೆಯಿಂದ ಒಂದಡಿ ಈಚೆಗೆ ಎಳೆದೆನು. 9 ಡೆಸಿಬೆಲ್ ಇದ್ದುದು 4ಕ್ಕೆ ಇಳಿಯಿತು. ಉಳಿದದ್ದನ್ನು ಮಾತ್ರ ಈಕ್ವಲೈಸರಿನಿಂದ ತಗ್ಗಿಸಿದೆನು.

ಈಕ್ವಲೈಸರೆಂದರೆ ಬೇಕಾದ ಸ್ವರಭಾಗವನ್ನು ಏರಿಸುವುದಕ್ಕೂ ಇಳಿಸುವುದಕ್ಕೂ ಇರುವ ಉಪಕರಣ. ಹಳೆಯ ಆಂಪ್ಲಿಫಯರುಗಳ ಬಾಸ್ ಮತ್ತು ಟ್ರೆಬಲ್ ಎಂಬ ಎರಡು ಗುಂಡಿಗಳು ಅದರ ಸರಳ ರೂಪವೇ. ಪೀಟರ್ ಬ್ಯಾಕ್ಸಾಂಡಾಲ್ ಎಂಬ ಆಂಗ್ಲ ಯಂತ್ರಜ್ಞನು 1952ರಲ್ಲಿ ಪ್ರಕಟಿಸಿದ ವಿಧಾನವು ಲಕ್ಷಗಟ್ಟಲೆ ಆಂಪ್ಲಿಫಯರುಗಳಲ್ಲಿ ಬಳಕೆಗೆ ಬಂದಿತು. ಇದರ ಉಪಯೋಗದಲ್ಲಿ ಒಂದು ನಿಯಮವುಂಟು. ಶಿಖರವನ್ನು ಕಡಿಯಬಹುದು, ಕಣಿವೆಯನ್ನು ತುಂಬಿಸಬಾರದು. ಗೋಡೆಯಿಂದ ಮರಳಿದ ಶಬ್ದವು ಎದುರಿನ ಶಬ್ದವನ್ನು ನುಂಗುವುದರಿಂದ ಉಂಟಾದ ಕಣಿವೆಗೆ ಎಷ್ಟು ಸುರಿದರೂ ಅದು ನುಂಗುತ್ತಲೇ ಇರುವುದು. 10 ಡೆಸಿಬೆಲ್ ಏರಿಸಬೇಕಾದರೆ ಆಂಪ್ಲಿಫಯರು ಹತ್ತರಷ್ಟು ಶಕ್ತಿಯನ್ನು ಕೊಡಬೇಕಾಗುವುದು. ಮುದಿ ಸ್ಪೀಕರು ಅದನ್ನು ತಾಳಲಾರದು. ಆದಕಾರಣ 110ರ ಕಣಿವೆಯನ್ನು ಹಾಗೆಯೇ ಬಿಟ್ಟೆನು.

ಹತ್ತು ದಿನಗಳ ಶ್ರಮದ ತರುವಾಯ ರೇಖೆಯು ಮಂದ್ರದಿಂದ ತಾರದವರೆಗೆ ಮೆಲ್ಲಗೆ ಇಳಿಜಾರಾಗಿ, ನೋಡುವುದಕ್ಕೆ ಅಂದವಾಗಿ ಬಂದಿತು. ಕ್ಯಾಸೆಟ್ಟನ್ನು ಹಾಕಿದೆನು. ಎರಡನೆಯ ಸಾಲಿನ ಕೊನೆಯಿಂದ ತಾಯಿಯವರ ಸ್ವರವು ಎದ್ದು ಬಂದಿತು. ಪಲ್ಲವಿಗೆ ಮುಂಚೆ ಅವರು ಉಸಿರೆಳೆದುಕೊಂಡದ್ದೂ ಕೇಳಿಸಿತು. ಅದನ್ನು ನಾನು ಅದುವರೆಗೆ ಎಂದೂ ಕೇಳಿರಲಿಲ್ಲ. ಕಣ್ಣೊರೆಸಿಕೊಂಡು ತಂದೆಯವರನ್ನು ಕರೆದೆನು.

ಅವರು ಕುರ್ಚಿಯಲ್ಲಿ ಕುಳಿತು ಒಂದು ಹಾಡನ್ನು ಪೂರ್ತಿ ಕೇಳಿದರು. ಬಳಿಕ ನನಗೆ ನೋವಾಗಬಾರದೆಂದು ಮೆಲ್ಲನೆ, "ಒಳ್ಳೆಯ ಕೆಲಸ ಮಾಡಿದಿ ಮಗಾ. ಆದರೆ ಕಂಬಳಿ ಇನ್ನೂ ಇದೆ" ಎಂದರು.

ಆಗ ನಾನು ನಡೆದುಕೊಂಡ ರೀತಿಯನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೆ ಬರೆಯದಿದ್ದರೆ ಈ ಲೇಖನವೇ ವ್ಯರ್ಥ. ರೇಖಾಚಿತ್ರವನ್ನು ತಂದು ಅವರ ಮುಂದೆ ಹಿಡಿದು, "ಇಲ್ಲಿ ನೋಡಿ ಅಪ್ಪಾ, ಎಲ್ಲಿದೆ ಕಂಬಳಿ? ಎಲ್ಲವೂ ಸರಿಯಾಗಿದೆ" ಎಂದು ಗದರಿಸಿದ ಸ್ವರದಲ್ಲಿ ಹೇಳಿದೆನು. ಅವರು ಚಿತ್ರವನ್ನು ಬಹಳ ಹೊತ್ತು ನೋಡಿದರು. ಎಷ್ಟಾದರೂ ವಿಜ್ಞಾನದ ಉಪಾಧ್ಯಾಯರಲ್ಲವೇ! "ಚಿತ್ರ ಸರಿಯಾಗಿದೆ. ಹಾಗಾದರೆ ಸರಿಯಿಲ್ಲದ್ದು ನಾನೇ ಇರಬೇಕು" ಎಂದು ಹೇಳಿ, ಮೆಲ್ಲನೆ ಎದ್ದು ತಮ್ಮ ಕೋಣೆಗೆ ಹೋದರು.

ಮರುವಾರ ಅವರನ್ನು ಕಿವಿಯ ವೈದ್ಯರಲ್ಲಿಗೆ ಕರೆದುಕೊಂಡು ಹೋದೆನು. ಅಲ್ಲಿಯೂ ಒಂದು ರೇಖಾಚಿತ್ರವನ್ನು ಬರೆದುಕೊಟ್ಟರು. 1000 ಹರ್ಟ್ಸಿನವರೆಗೆ ಬಹುಮಟ್ಟಿಗೆ ಸರಿಯಾಗಿದ್ದು, ಅನಂತರ ರೇಖೆಯು ಇಳಿಯುತ್ತಾ ಹೋಗಿ, 4000 ಹರ್ಟ್ಸಿನಲ್ಲಿ ಎರಡು ಕಿವಿಗಳಲ್ಲಿಯೂ 60 ಡೆಸಿಬೆಲ್ ಕೊರತೆಯಿತ್ತು. ಮುಪ್ಪಿನಲ್ಲಿ ಕಿವಿಯು ಮೊದಲು ಕಳೆದುಕೊಳ್ಳುವುದು ತಾರಸ್ವರಗಳನ್ನೇ. ಸ್ವರಾಕ್ಷರಗಳ ಬಲವು ಕೆಳಗಿನ ಭಾಗದಲ್ಲಿರುವುದರಿಂದ ಅವು ಕೇಳಿಸುತ್ತವೆ. ಸಕಾರ ಶಕಾರ ತಕಾರಾದಿ ವ್ಯಂಜನಗಳ ಗುರುತು ಮೇಲಿನ ಭಾಗದಲ್ಲಿರುವುದರಿಂದ ಅವು ಮಾಯವಾಗುತ್ತವೆ. ಹೀಗಾಗಿ ಇಂಥವರಿಗೆ ಧ್ವನಿ ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ. "ಎಷ್ಟು ವರ್ಷಗಳಿಂದ ಹೀಗಿರಬಹುದು?" ಎಂದು ಕೇಳಿದೆನು. "ಎಂಟು ಹತ್ತು ವರ್ಷವಾದರೂ ಆಗಿರಬಹುದು" ಎಂದರು ವೈದ್ಯರು. ಅಷ್ಟು ವರ್ಷವೂ ನಾನು ಅದೇ ಮನೆಯಲ್ಲಿದ್ದೆನು. ತಂದೆಯವರು ಊಟದ ಮೇಜಿನಲ್ಲಿ ಮಾತು ಕಡಿಮೆ ಮಾಡಿದ್ದನ್ನು ವಯಸ್ಸಿನ ಗಾಂಭೀರ್ಯವೆಂದು ಎಣಿಸಿದ್ದೆನು.

ಮನೆಗೆ ಬರುವ ಬಸ್ಸಿನಲ್ಲಿ ನನ್ನ ಮನಸ್ಸು ತಂದೆಯವರಲ್ಲಿ ನಿಲ್ಲದೆ ಶಾಲೆಗೆ ಹೋಯಿತು. ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ಅವಳ ಹೆಸರನ್ನು ಹೇಳಲಾರೆನು. ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳುವಳು. ಉಕ್ತಲೇಖನದಲ್ಲಿ "ಸಮ" ಎಂದರೆ "ಯಮ" ಎಂದು ಬರೆಯುವಳು. ಕೇಳಿದ ಪ್ರಶ್ನೆಗೆ ಪಕ್ಕದವಳ ಮುಖವನ್ನು ನೋಡುವಳು. ರಜೆಗೆ ಮುಂಚೆ ಅವಳ ಪ್ರಗತಿಪತ್ರದಲ್ಲಿ "ಗಮನವಿಲ್ಲ, ಮನಸ್ಸು ಎಲ್ಲಿಯೋ ಇರುತ್ತದೆ" ಎಂದು ನಾನೇ ನನ್ನ ಕೈಯಿಂದ ಬರೆದು ಸಹಿ ಹಾಕಿದ್ದೆನು. ಆ ಪತ್ರವನ್ನು ನೋಡಿ ಅವಳ ತಾಯಿಯು ಅವಳನ್ನು ಹೊಡೆದಳೆಂದು ಆಮೇಲೆ ತಿಳಿಯಬಂದಿತು.

ಶಾಲೆ ತೆರೆದ ದಿವಸವೇ ಅವಳನ್ನು ಕರೆದು, ನನ್ನ ಬಾಯಿಗೆ ಪುಸ್ತಕವನ್ನು ಅಡ್ಡ ಹಿಡಿದು, ತುಟಿ ಕಾಣದಂತೆ ಹತ್ತು ಶಬ್ದಗಳನ್ನು ಹೇಳಿದೆನು. ನಾಲ್ಕನ್ನು ಸರಿಯಾಗಿ ಹೇಳಿದಳು. ಪುಸ್ತಕವನ್ನು ತೆಗೆದು ಅದೇ ಶಬ್ದಗಳನ್ನು ಹೇಳಿದೆನು, ಒಂಬತ್ತನ್ನು ಹೇಳಿದಳು. ಅಷ್ಟು ದಿವಸವೂ ಆ ಮಗು ನಮ್ಮ ತುಟಿಗಳನ್ನು ಓದುತ್ತಾ ಪಾಠ ಕಲಿಯುತ್ತಿತ್ತು. ನಾವು ಕರಿಹಲಗೆಯ ಕಡೆಗೆ ತಿರುಗಿದೊಡನೆಯೇ ಅವಳ ಪಾಠವು ನಿಂತುಹೋಗುತ್ತಿತ್ತು. ಆಸ್ಪತ್ರೆಯ ಪರೀಕ್ಷೆಯಲ್ಲಿ, ಚಿಕ್ಕಂದಿನಿಂದ ಕಿವಿ ಸೋರಿ ಎರಡು ತಮಟೆಗಳೂ ತೂತಾಗಿರುವುದು ಕಂಡುಬಂದಿತು. ಇದು ಗುಣವಾಗದ ದೋಷವಲ್ಲ. ಒಂದು ಕಿವಿಗೆ ಈಗ ಶಸ್ತ್ರಚಿಕಿತ್ಸೆಯಾಗಿದೆ. ಅವಳು ಮುಂದಿನ ಬೆಂಚಿನಲ್ಲಿ, ಪಂಖದ ಸದ್ದಿಗೆ ದೂರವಾಗಿ ಕುಳಿತುಕೊಳ್ಳುತ್ತಾಳೆ. ನಾನು ಅವಳ ತಾಯಿಯನ್ನು ಕರೆಯಿಸಿ, ಅವಳೆದುರಿಗೇ ಆ ಪ್ರಗತಿಪತ್ರದ ಮಾತನ್ನು ಹೊಡೆದುಹಾಕಿ, ತಪ್ಪಾಯಿತೆಂದು ಹೇಳಿದೆನು. ತಾಯಿಯು, "ಇರಲಿ ಟೀಚರೇ, ನನಗೂ ಗೊತ್ತಿರಲಿಲ್ಲ" ಎಂದಳು. ನನ್ನನ್ನು ಕ್ಷಮಿಸಿದ್ದಕ್ಕಿಂತಲೂ ಆ ಮಾತಿನಲ್ಲಿದ್ದ ದುಃಖವು ನನ್ನನ್ನು ಹೆಚ್ಚು ಚುಚ್ಚಿತು.

ಆ ಮೇಲೆ ಅಳತೆಯ ಮೈಕನ್ನು ಶಾಲೆಗೂ ತಂದೆನು. ಹಾರ್ವರ್ಡಿನಲ್ಲಿ ವ್ಯಾಲೇಸ್ ಸೇಬಿನ್ ಎಂಬ ತರುಣ ಉಪಾಧ್ಯಾಯನು 1895ರಲ್ಲಿ ಇಂಥ ಕೆಲಸವನ್ನೇ ಕೈಕೊಂಡಿದ್ದನು. ಅಲ್ಲಿಯ ಒಂದು ಉಪನ್ಯಾಸ ಮಂದಿರದಲ್ಲಿ ಆಡಿದ ಮಾತು ಸುಮಾರು 5.5 ಸೆಕೆಂಡು ಮೊಳಗುತ್ತಾ, ಮುಂದಿನ ಮಾತನ್ನು ಮುಚ್ಚಿಬಿಡುತ್ತಿತ್ತು. ಅವನು ರಾತ್ರಿಯ ಹೊತ್ತು ಪಕ್ಕದ ನಾಟಕಶಾಲೆಯ ಮೆತ್ತೆಗಳನ್ನು ಹೊರಿಸಿ ತಂದು, ಎಷ್ಟು ಮೆತ್ತೆಗೆ ಎಷ್ಟು ಮೊಳಗು ಕಡಿಮೆಯಾಗುವುದೆಂದು ಅಳೆದು ಅಳೆದು ಸೂತ್ರವನ್ನು ಕಂಡುಹಿಡಿದನು. ಅಮೆರಿಕದ ಮಾನದಂಡದ ಪ್ರಕಾರ ಸಾಧಾರಣ ಗಾತ್ರದ ತರಗತಿಯಲ್ಲಿ ಮೊಳಗು 0.6 ಸೆಕೆಂಡನ್ನು ಮೀರಬಾರದು. ನಮ್ಮ ಎಂಟನೆಯ ತರಗತಿಯ ಕೊಠಡಿಯಲ್ಲಿ ಅದು ಒಂದೂವರೆ ಸೆಕೆಂಡಿತ್ತು. ಹಿಂಗೋಡೆಗೆ ದಪ್ಪ ಬಟ್ಟೆಯ ಪರದೆಯನ್ನು ಕಟ್ಟಿ, ಬೆಂಚುಗಳ ಕಾಲಿಗೆ ರಬ್ಬರನ್ನು ಹಾಕಿಸಿ, ಕಿರುಗುಟ್ಟುವ ಪಂಖಗಳಿಗೆ ಎಣ್ಣೆ ಹಾಕಿಸಿದೆವು. ಹಿಂದಿನ ಬೆಂಚಿನ ಹುಡುಗಿಯರು ಮೊದಲಿಗಿಂತ ಹೆಚ್ಚಾಗಿ ಕೈಯೆತ್ತುತ್ತಾರೆಂದು ಉಪಾಧ್ಯಾಯಿನಿಯರು ಹೇಳುತ್ತಾರೆ.

ತಂದೆತಾಯಂದಿರಲ್ಲಿ ನನ್ನ ವಿಜ್ಞಾಪನೆಯಿಷ್ಟೆ. ನಿಮ್ಮ ಮಗಳು ಹಿಂದಿನಿಂದ ಕರೆದರೆ ತಿರುಗದಿದ್ದರೆ, ಟೆಲಿವಿಜನ್ನಿನ ಸದ್ದನ್ನು ಹೆಚ್ಚಿಸುತ್ತಿದ್ದರೆ, ಮಾತಾಡುವವರ ಬಾಯಿಯನ್ನೇ ನೋಡುತ್ತಿದ್ದರೆ, ಕಿವಿ ಸೋರುತ್ತಿದ್ದರೆ, ಗದರಿಸುವುದಕ್ಕೆ ಮೊದಲು ಕಿವಿಯನ್ನು ಪರೀಕ್ಷೆ ಮಾಡಿಸಿರಿ. ಮನೆಯ ಹಿರಿಯರ ವಿಷಯದಲ್ಲಿಯೂ ಹಾಗೆಯೇ. ಪೂರ್ವ ವಿದ್ಯಾರ್ಥಿನಿಯರಲ್ಲಿ ಇನ್ನೊಂದು ಮಾತು. ನಿಮ್ಮಲ್ಲಿ ಯಾರಾದರೂ ನನ್ನ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು, ಕೇಳಿಸದೆ, ಗಮನವಿಲ್ಲದವಳೆಂಬ ಹೆಸರನ್ನು ಹೊತ್ತುಕೊಂಡು ಹೋಗಿದ್ದರೆ, ಎಂಟನೆಯ ತರಗತಿಯ ಆ ಹುಡುಗಿಗೆ ಹೇಳಿದ ಮಾತನ್ನು ನಿಮಗೂ ಹೇಳುತ್ತೇನೆ: ತಪ್ಪು ನನ್ನದು.

ಧ್ವನಿಪೆಟ್ಟಿಗೆಗಳ ಕಥೆ ಇಷ್ಟಕ್ಕೇ ಮುಗಿಯಲಿಲ್ಲ. ತಂದೆಯವರು ಈಗ ಮಾತಿಗಾಗಿ ಶ್ರವಣಯಂತ್ರವನ್ನು ಧರಿಸುತ್ತಾರೆ. ಸಂಗೀತಕ್ಕೆ ಮಾತ್ರ ಅದು ಅವರಿಗೆ ಒಗ್ಗಲಿಲ್ಲ. ಆದುದರಿಂದ ಈಕ್ವಲೈಸರಿನಲ್ಲಿ ಎರಡು ಅಳವಡಿಕೆಗಳನ್ನು ಮಾಡಿಟ್ಟಿದ್ದೇನೆ. ಒಂದು ಅಂದವಾದ ರೇಖೆಯದು. ಇನ್ನೊಂದರಲ್ಲಿ 2500 ಹರ್ಟ್ಸಿನ ಮೇಲೆ 6 ಡೆಸಿಬೆಲ್ ಏರಿಸಿದೆ; ಅದಕ್ಕಿಂತ ಹೆಚ್ಚು ಏರಿಸಿದರೆ ಚಿಕ್ಕ ಸ್ಪೀಕರಿನ ಸುರುಳಿ ಸುಟ್ಟೀತು. ರೇಖಾಚಿತ್ರದಲ್ಲಿ ಅದು ವಿಕಾರವಾಗಿ ಕಾಣುತ್ತದೆ, ನನ್ನ ಕಿವಿಗೆ ಸಕಾರಗಳೆಲ್ಲಾ ಸೂಜಿಯಂತೆ ಚುಚ್ಚುತ್ತವೆ. ಆ ಅಳವಡಿಕೆಯಲ್ಲಿ ಕ್ಯಾಸೆಟ್ಟನ್ನು ಹಾಕಿದ ಸಾಯಂಕಾಲ ತಂದೆಯವರು ಕಣ್ಣುಮುಚ್ಚಿ ಕೇಳುತ್ತಿದ್ದು, ಪಲ್ಲವಿಗೆ ಮುಂಚೆ ಕೈಯನ್ನು ತುಸು ಎತ್ತಿ, "ಅಗೋ, ಅವಳು ಉಸಿರೆಳೆದಳು" ಎಂದರು.

ಈಗ ಆದಿತ್ಯವಾರದ ಸಾಯಂಕಾಲ ನಾವಿಬ್ಬರೂ ಒಟ್ಟಿಗೆ ಕುಳಿತು ಕೇಳುವಾಗ ಎರಡನೆಯ ಅಳವಡಿಕೆಯನ್ನೇ ಹಾಕುತ್ತೇನೆ.